ರಿಜಿಸ್ಟರ್, ಗೂಗಲ್ ಶೀಟ್, ಕೋಬೋ: ಸಲಹೆ ಕೇಳಿ ಬಂದವರ ಗುಟ್ಟು ಎಲ್ಲಿ ಭದ್ರ?

ಬಸ್ ಸ್ಟ್ಯಾಂಡಿನ ಹಿಂದೆ ಎರಡು ಕೋಣೆ. ವಾರಕ್ಕೆ ಮೂರು ದಿನ ಬಾಗಿಲು ತೆರೆದಿರುತ್ತದೆ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿರುವ ನಮ್ಮ ಉಚಿತ ಸಲಹಾ ಕೇಂದ್ರ ಇಷ್ಟೇ. ವಿಧವಾ ವೇತನ ನಿಂತುಹೋಗಿದೆ, ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿಲ್ಲ, ರೇಷನ್ ಕಾರ್ಡಿನಿಂದ ಹೆಸರು ಹೋಗಿದೆ, ಸಂಘದ ಸಾಲ ಕಟ್ಟಲಾಗುತ್ತಿಲ್ಲ, ಗಂಡ ಹೊಡೆಯುತ್ತಾನೆ. ಇಂಥ ಕಷ್ಟ ಹೊತ್ತು ಜನ ಬರುತ್ತಾರೆ. ನಾನು ಅಲ್ಲಿ ಸ್ವಯಂಸೇವಕಿ. ಬಂದವರ ವಿವರ ಬರೆದಿಡುವುದು ನನ್ನ ಪಾಲಿನ ಕೆಲಸ.

ಈ ಏಳು ವರ್ಷದಲ್ಲಿ ಮೂರು ಬಗೆಯಲ್ಲಿ ಬರೆದಿಟ್ಟು ನೋಡಿದ್ದೇವೆ. ಮೊದಲು ಉದ್ದನೆಯ ರಿಜಿಸ್ಟರ್. ಆಮೇಲೆ ವಾಟ್ಸಾಪ್ ಗುಂಪು ಮತ್ತು ಗೂಗಲ್ ಶೀಟ್. ಕೊನೆಗೆ ಕೋಬೋ ಟೂಲ್‌ಬಾಕ್ಸ್ ಎಂಬ ಮುಕ್ತ ತಂತ್ರಾಂಶ. ಬೇರೆ ಊರುಗಳಲ್ಲಿ ಇದೇ ಕೆಲಸ ಮಾಡುವ ಗೆಳತಿಯರು "ಯಾವುದು ಒಳ್ಳೇದು?" ಎಂದು ಆಗಾಗ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ರಿಜಿಸ್ಟರ್‌ನಿಂದ ಶುರು ಮಾಡುತ್ತೇನೆ. ಅಂಗಡಿಯಲ್ಲಿ ಸಿಗುವ ಕೆಂಪು ಅಂಚಿನ ದಪ್ಪ ಪುಸ್ತಕ. ಕ್ರಮಸಂಖ್ಯೆ, ಹೆಸರು, ಊರು, ಫೋನ್, ಸಮಸ್ಯೆ, ಸಹಿ ಎಂದು ಗೆರೆ ಎಳೆದ ಕಾಲಂಗಳು. ಸಂಜೆ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆವು. ಕರೆಂಟ್ ಬೇಡ, ನೆಟ್‌ವರ್ಕ್ ಬೇಡ, ಯಾರಿಗೂ ಕಲಿಸಬೇಕಿಲ್ಲ. ಇರುವುದು ಒಂದೇ ಪ್ರತಿ, ಅದೂ ನಮ್ಮ ಕಣ್ಣೆದುರಿಗೇ. ಇಷ್ಟು ಭದ್ರ ಇನ್ನೇನಿದೆ ಎಂದೇ ನಾವೆಲ್ಲ ನಂಬಿದ್ದೆವು.

ಒಂದು ದಿನ ಒಬ್ಬ ಹೆಂಗಸು ಪಿಂಚಣಿ ಅರ್ಜಿಗಾಗಿ ಬಂದರು. ವಿವರ ಬರೆದುಕೊಂಡು, ಸಹಿ ಹಾಕಿ ಎಂದು ಪುಸ್ತಕ ಅವರ ಕಡೆ ತಿರುಗಿಸಿದೆ. ಅವರ ಕಣ್ಣು ಮೇಲಿನ ಸಾಲಿಗೆ ಹೋಯಿತು. ಅಲ್ಲಿದ್ದದ್ದು ಅವರ ಓರಗಿತ್ತಿಯ ಹೆಸರು. ಪಕ್ಕದಲ್ಲೇ ನನ್ನ ಕೈಬರಹದಲ್ಲಿ "ಗಂಡನ ಕುಡಿತ, ಹೊಡೆತ" ಎಂದಿತ್ತು. "ಇವಳೂ ಇಲ್ಲಿಗೆ ಬಂದಿದ್ಲಾ?" ಎಂದರು. ಅಷ್ಟೇ ಮಾತು. ಆ ಸಂಜೆ ಮನೆಯವರಿಗೆಲ್ಲ ಗೊತ್ತಾಗಿತ್ತು. ಓರಗಿತ್ತಿ ಮತ್ತೆ ನಮ್ಮ ಹತ್ತಿರ ಬರಲಿಲ್ಲ. ಅವರಿಗೆ ಏನಾಯಿತೋ ಎಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಬೀಗ ಸರಿಯಾಗಿಯೇ ಇತ್ತು. ತಪ್ಪಿದ್ದು ಪುಸ್ತಕದ ಆಕಾರದಲ್ಲಿ. ಒಂದು ಪುಟದಲ್ಲಿ ಇಪ್ಪತ್ತು ಮನೆಯ ಕಷ್ಟ ಸಾಲಾಗಿ ಕೂತಿದ್ದರೆ ಪ್ರತಿ ಸಹಿಯೂ ಒಂದು ಕಿಟಕಿ. ಸಣ್ಣ ಊರಿನಲ್ಲಿ ದೂರದ ಕಳ್ಳನಿಗಿಂತ ಪರಿಚಯದವರ ಕಣ್ಣಿನ ಭಯ ಜಾಸ್ತಿ. ಆಮೇಲೆ ನೋಡಿದ ಎರಡು ವಿಧಾನವನ್ನೂ ನಾನು ಇದೇ ಒರೆಗೆ ಹಚ್ಚಿ ನೋಡಿದೆ: ಪರಿಚಯದವರ ಕಣ್ಣಿಗೆ ಇದು ಎಲ್ಲಿ ಬೀಳಬಹುದು?

ಎರಡನೆಯದಕ್ಕೆ ನಾವು ಬೇಕೆಂದು ಹೋಗಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಕೋಣೆಗೆ ಬೀಗ ಬಿತ್ತು. ಸಲಹೆ ಫೋನಿನಲ್ಲೇ ನಡೆಯಬೇಕಾಯಿತು. ಸ್ವಯಂಸೇವಕರ ಒಂದು ವಾಟ್ಸಾಪ್ ಗುಂಪು ಮಾಡಿದೆವು. ಜನ ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡಿನ ಫೋಟೋ ಕಳಿಸುತ್ತಿದ್ದರು, ನಾವು ಅದನ್ನು ಗುಂಪಿಗೆ ಹಾಕುತ್ತಿದ್ದೆವು. ಹೆಸರು ಮತ್ತು ಸಮಸ್ಯೆ ಗೂಗಲ್ ಶೀಟ್‌ಗೆ ಹೋಗುತ್ತಿತ್ತು.

ಶೀಟ್‌ನ ಒಳ್ಳೆಯ ಗುಣವನ್ನು ಮೊದಲು ಹೇಳಬೇಕು. ಹುಡುಕುವುದು ಅಷ್ಟು ಸಲೀಸು. ರಿಜಿಸ್ಟರ್‌ನಲ್ಲಿ ಮೂರು ತಿಂಗಳ ಹಿಂದಿನ ಅರ್ಜಿ ಹುಡುಕಲು ಅರ್ಧ ಗಂಟೆ ಬೇಕಿತ್ತು, ಇಲ್ಲಿ ಕ್ಷಣದಲ್ಲಿ ಸಿಗುತ್ತದೆ. ಯಾರ ಪಿಂಚಣಿ ಬಾಕಿ, ಯಾರದ್ದು ಮಂಜೂರಾಗಿದೆ ಎಂದು ಬಣ್ಣ ಹಚ್ಚಿ ಇಟ್ಟರೆ ಸೋಮವಾರ ತಾಲ್ಲೂಕು ಕಚೇರಿಗೆ ಹೋಗುವವರಿಗೆ ಪಟ್ಟಿ ರೆಡಿ. ಸರ್ಕಾರಿ ಯೋಜನೆಗಳ ಬೆನ್ನು ಹತ್ತುವ ಕೆಲಸಕ್ಕೆ ಮೂರರಲ್ಲಿ ಇದೇ ಮೇಲು.

ಭದ್ರತೆಯ ವಿಷಯಕ್ಕೆ ಬಂದರೆ ಮಾತು ಬೇರೆ. ನಮ್ಮ ಶೀಟ್ ಒಬ್ಬ ಸ್ವಯಂಸೇವಕಿಯ ಸ್ವಂತ ಜಿಮೇಲ್‌ನಲ್ಲಿತ್ತು. ಸುಲಭವಾಗಲಿ ಎಂದು ಲಿಂಕ್ ಇದ್ದವರೆಲ್ಲ ನೋಡಬಹುದು ಎಂಬ ಆಯ್ಕೆ ಹಾಕಿದ್ದೆವು. ಆ ಲಿಂಕ್ ಯಾರ್‍ಯಾರಿಗೆ ಹೋಗಿದೆ ಎಂದು ಕೊನೆಗೆ ನಮಗೇ ಲೆಕ್ಕ ಸಿಗಲಿಲ್ಲ. ಒಂದು ಸಾಲು ಅಳಿಸಿದರೂ ಹಳೆಯ ಆವೃತ್ತಿಯಲ್ಲಿ ಅದು ಉಳಿದಿರುತ್ತದೆ. ಇದು ನಮಗೆ ಗೊತ್ತಾಗಿದ್ದು, ಒಬ್ಬರು "ನನ್ನ ಹೆಸರು ತೆಗೆದುಬಿಡಿ" ಎಂದು ಕೇಳಿ, ನಾವು ಅಳಿಸಿದ ಎಷ್ಟೋ ದಿನದ ಮೇಲೆ.

ವಾಟ್ಸಾಪ್‌ನದ್ದು ಇನ್ನೂ ದೊಡ್ಡ ತಲೆನೋವು. ಕಳಿಸಿದವರಿಗೆ ಮತ್ತು ಪಡೆದವರಿಗೆ ಬಿಟ್ಟು ದಾರಿಯಲ್ಲಿ ಯಾರೂ ಓದಲಾಗದು ಎನ್ನುವುದು ನಿಜ. ಆದರೆ ಪಡೆದವರ ಫೋನು ಮನೆಯಲ್ಲಿ ಎಷ್ಟು ಕೈ ಬದಲಾಯಿಸುತ್ತದೆ! ಗುಂಪಿಗೆ ಬಂದ ಫೋಟೋ ತಾನಾಗಿ ಗ್ಯಾಲರಿಗೆ ಇಳಿಯುತ್ತದೆ. ಅಲ್ಲಿಂದ ಗೂಗಲ್ ಫೋಟೋಸ್‌ಗೂ ಏರಬಹುದು. ನಮ್ಮ ಒಬ್ಬ ಸ್ವಯಂಸೇವಕಿಯ ಮಗ ಅಮ್ಮನ ಫೋನಿನಲ್ಲಿ ಗೆಳೆಯರಿಗೆ ಜಾತ್ರೆಯ ಫೋಟೋ ತೋರಿಸುತ್ತಿದ್ದ. ನಡುವೆ ಯಾರದೋ ಪಾಸ್‌ಬುಕ್ ಬಂತು. ಗೆಳೆಯರಲ್ಲೊಬ್ಬ "ಇದು ನಮ್ಮ ಬೀದಿಯ ಅಜ್ಜಿ ಅಲ್ವಾ?" ಎಂದ. ಹುಡುಗನದ್ದು ಏನೂ ತಪ್ಪಿಲ್ಲ. ಫೋಟೋ ಅಲ್ಲಿ ಇರಲೇಬಾರದಿತ್ತು.

ಇನ್ನೊಬ್ಬರು ಮದುವೆಯಾಗಿ ಬೇರೆ ಜಿಲ್ಲೆಗೆ ಹೋದರು. ಗುಂಪಿನಿಂದ ಹೊರಬಂದರೂ ಹಳೆಯ ಫೋಟೋಗಳೆಲ್ಲ ಅವರ ಫೋನಿನಲ್ಲೇ ಹೋದವು. ನಾವು ಫೋನ್ ಮಾಡಿ ಕೇಳಿಕೊಂಡ ಮೇಲೆ ಅಳಿಸಿದರು. ಕೆಲಸ ಬಿಡುವ ದಿನ ಇದನ್ನು ನೋಡಬೇಕು ಎಂದು ನಮಗೆ ಹೊಳೆದೇ ಇರಲಿಲ್ಲ.

ಕೋಬೋ ಬಂದಿದ್ದು ಬೆಂಗಳೂರಿನ ಗೆಳತಿಯೊಬ್ಬಳ ಸಲಹೆಯಿಂದ. ಯುದ್ಧ, ಪ್ರವಾಹ ಆದ ಕಡೆ ನೆರವಿನ ಸಂಸ್ಥೆಗಳು ಮಾಹಿತಿ ಸೇರಿಸಲು ಇದನ್ನು ಬಳಸುತ್ತವೆ. ಪ್ರಶ್ನೆಗಳನ್ನು ಕನ್ನಡದಲ್ಲೇ ಹಾಕಬಹುದು. ಫೋನಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ತುಂಬಬಹುದು, ಸಿಗ್ನಲ್ ಸಿಕ್ಕಾಗ ಕಳಿಸಿದರಾಯಿತು. ನಾವು ತಿಂಗಳಿಗೊಮ್ಮೆ ಹಳ್ಳಿಯಲ್ಲಿ ಶಿಬಿರ ಮಾಡುತ್ತೇವೆ. ಅಲ್ಲಿಗೆ ಹೇಳಿ ಮಾಡಿಸಿದಂತಿತ್ತು.

ಇದರ ದೊಡ್ಡ ಗುಣ ಎನ್‌ಕ್ರಿಪ್ಷನ್, ಅಂದರೆ ಕೀಲಿ ಇಲ್ಲದವರು ಓದಲಾಗದಂತೆ ಬರಹವನ್ನು ಕಲಸಿಡುವುದು. ಬೇಕೆಂದರೆ ಅರ್ಜಿಗೆ ಎರಡು ಕೀಲಿ ಮಾಡಬಹುದು. ಒಂದು ಬೀಗ ಹಾಕಲು ಮಾತ್ರ, ಇನ್ನೊಂದು ತೆರೆಯಲು. ಹಾಕುವ ಕೀಲಿ ಎಲ್ಲರ ಫೋನಿನಲ್ಲಿ ಇರುತ್ತದೆ. ತೆರೆಯುವ ಕೀಲಿ ನಮ್ಮ ಒಂದು ಪೆನ್‌ಡ್ರೈವ್‌ನಲ್ಲಿ, ಬೀರುವಿನ ಒಳಗೆ. ಅರ್ಜಿ ತುಂಬಿ ಮುಗಿಸಿದೆ ಎಂದು ಒತ್ತಿದ ಮೇಲೆ ತುಂಬಿದವರಿಗೂ ಅದನ್ನು ಓದಲಾಗದು. ಫೋನ್ ಕಳೆದರೂ, ಮಗ ತೆಗೆದು ನೋಡಿದರೂ ಏನೂ ಕಾಣದು. ಸರ್ವರ್‌ನಲ್ಲಿ ಕೂಡ ಬರೀ ಕಲಸಿದ ಅಕ್ಷರ. ಪರಿಚಯದವರ ಕಣ್ಣು ಎಂಬ ನನ್ನ ಪರೀಕ್ಷೆಯಲ್ಲಿ ಇದಕ್ಕೇ ಹೆಚ್ಚು ಅಂಕ.

ನಾಲ್ಕು ತಿಂಗಳು ಬಳಸಿದೆವು. ತೊಂದರೆ ಮೂರು ಕಡೆ ಆಯಿತು. ಮುಗಿಸಿದ ಅರ್ಜಿಯನ್ನು ತಿದ್ದಲಾಗದು. ಊರಿನ ಹೆಸರು ತಪ್ಪಿದರೂ ಹೊಸದಾಗಿ ತುಂಬಬೇಕು. ತೆರೆದು ಓದಲು ಲ್ಯಾಪ್‌ಟಾಪ್, ಇನ್ನೊಂದು ತಂತ್ರಾಂಶ, ಅದು ಬಲ್ಲ ಒಬ್ಬರು ಬೇಕು. ನಮ್ಮಲ್ಲಿ ಅದು ಬಲ್ಲವರು ನಾನೊಬ್ಬಳೇ. ನನಗೆ ಡೆಂಗೆ ಬಂದ ಎರಡು ವಾರ ಎಲ್ಲ ನಿಂತುಹೋಯಿತು. ಪೆನ್‌ಡ್ರೈವ್ ಕೆಟ್ಟರೆ ಯಾರೂ ಏನೂ ಮಾಡಲಾಗದು, ಆದ್ದರಿಂದ ಕೀಲಿಯ ಎರಡನೇ ಪ್ರತಿಯನ್ನು ಬೇರೆ ಕಡೆ ಇಡಲೇಬೇಕು.

ಮೂರನೆಯದನ್ನು ಕಲಿಸಿದ್ದು ಒಬ್ಬ ಅಜ್ಜಿ. ನಾನು ಫೋನಿನಲ್ಲಿ ಒತ್ತುತ್ತಾ ಕೇಳುತ್ತಿದ್ದೆ. ಅವರು ಮಾತು ನಿಲ್ಲಿಸಿ, "ಅದರಲ್ಲಿ ಏನು ಹಾಕ್ತಿದ್ದೀಯವ್ವಾ?" ಎಂದರು. ಪುಸ್ತಕದಲ್ಲಿ ಬರೆಯುವಾಗ ಅಕ್ಷರ ಬಾರದವರಿಗೂ ನನ್ನ ಕೈ ಕಾಣುತ್ತದೆ. ಎಷ್ಟು ಬರೆದೆ, ಯಾವಾಗ ಪೆನ್ನು ಕೆಳಗಿಟ್ಟೆ ಎಂದು ಗೊತ್ತಾಗುತ್ತದೆ. ಫೋನು ಅವರ ಮತ್ತು ನನ್ನ ನಡುವೆ ಗೋಡೆಯ ಹಾಗೆ ನಿಂತಿತ್ತು. ಹೊಡೆತ ತಿಂದು ಬಂದ ಹೆಂಗಸಿನ ಎದುರು ನಾನು ಈಗ ಫೋನ್ ತೆಗೆಯುವುದೇ ಇಲ್ಲ.

ಮೂರು ವಿಧಾನದಲ್ಲೂ ಒಂದು ತಪ್ಪು ಹಾಗೇ ಉಳಿದಿತ್ತು. ವಾಪಸ್ ಫೋನ್ ಮಾಡುವುದು. ನಾವು ಸುಮ್ನೆ ನಂಬರ್ ಬರೆದುಕೊಂಡು ಎರಡು ದಿನ ಬಿಟ್ಟು ಕರೆ ಮಾಡುತ್ತಿದ್ದೆವು. ಗಂಡ ಎತ್ತುತ್ತಿದ್ದ. ಎಷ್ಟೋ ಮನೆಯಲ್ಲಿ ಇರುವುದೇ ಒಂದು ಫೋನು. ಟ್ರೂಕಾಲರ್ ಇದ್ದರೆ ನಾವು ಬಾಯಿ ಬಿಡುವ ಮೊದಲೇ ಪರದೆಯ ಮೇಲೆ ಕೇಂದ್ರದ ಹೆಸರು ಮೂಡುತ್ತದೆ. ಈಗ ಮೂರು ಪ್ರಶ್ನೆ ತಪ್ಪದೆ ಕೇಳುತ್ತೇವೆ: ಈ ನಂಬರಿಗೆ ಕರೆ ಮಾಡಬಹುದಾ? ಯಾರು ಎತ್ತುತ್ತಾರೆ? ಯಾವ ಹೊತ್ತು ಸರಿ? ಬೇಡ ಎಂದರೆ ಮಾಡುವುದಿಲ್ಲ, ಅವರೇ ಬರುವ ದಿನ ಗೊತ್ತು ಮಾಡಿಕೊಳ್ಳುತ್ತೇವೆ. ಇದಕ್ಕೆ ಯಾವ ತಂತ್ರಾಂಶವೂ ಬೇಕಿಲ್ಲ.

ಕಾನೂನಿನ ಮಾತು ಸ್ವಲ್ಪ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಹಂತ ಹಂತವಾಗಿ ಜಾರಿಯಾಗುತ್ತವೆ. ಮಾಹಿತಿ ಯಾಕೆ ಬೇಕು ಎಂದು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಆ ತಿಳಿವಳಿಕೆ ಕನ್ನಡದಲ್ಲಿ ಬೇಕು ಎಂದು ಕೇಳುವ ಹಕ್ಕು ಜನರಿಗಿದೆ. ಮಾಹಿತಿ ಸೋರಿದರೆ ಅವರಿಗೂ ಈ ಕಾಯ್ದೆಯಡಿಯ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಿಳಿಸಬೇಕು. ಸರಿಯಾದ ಭದ್ರತೆ ಇಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು.

ಹೋಲಿಕೆಗೆ ಬೇಕಾದ ಅಂಶ ಇಲ್ಲಿದೆ. ಈ ಕಾಯ್ದೆ ಡಿಜಿಟಲ್ ಮಾಹಿತಿಗೆ ಮಾತ್ರ. ಕಾಗದದಲ್ಲೇ ಉಳಿದ ರಿಜಿಸ್ಟರ್ ಇದರೊಳಗೆ ಬರುವುದಿಲ್ಲ. ಅದರ ಒಂದು ಪುಟದ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಿದಿರೋ, ಬಂತು. ಹಾಗೆಂದು ಕಾಗದ ಹಿಡಿದವರು ನಿರಾಳವಾಗಿ ಕೂರಬಾರದು. ಓರಗಿತ್ತಿಯ ಗುಟ್ಟು ಹೊರಬಿದ್ದದ್ದು ಕಾಗದದಿಂದಲೇ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ವಕೀಲರ ಹತ್ತಿರ ಕಕ್ಷಿದಾರರು ಹೇಳಿಕೊಂಡ ಮಾತಿಗೆ ಸಾಕ್ಷ್ಯ ಕಾನೂನಿನ ರಕ್ಷಣೆ ಇದೆ. ನಮ್ಮಂಥ ಸ್ವಯಂಸೇವಕರಿಗೆ ಹೇಳಿದ ಮಾತಿಗೆ ಆ ರಕ್ಷಣೆ ಇಲ್ಲ. ಕೋರ್ಟ್ ಕೇಳಿದರೆ ಬರೆದಿಟ್ಟದ್ದನ್ನು ಕೊಡಬೇಕಾಗಬಹುದು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರಂತೂ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಆದ್ದರಿಂದ "ಯಾರಿಗೂ ಹೇಳಲ್ಲ" ಎಂದು ನಾನು ಮಾತು ಕೊಡುವುದನ್ನು ಬಿಟ್ಟಿದ್ದೇನೆ. ಯಾವುದನ್ನು ಹೇಳುವುದಿಲ್ಲ, ಯಾವುದನ್ನು ಹೇಳಲೇಬೇಕಾಗುತ್ತದೆ ಎಂದು ಮೊದಲೇ ತಿಳಿಸುತ್ತೇನೆ. ಕೇಳಿ ಎದ್ದು ಹೋದವರು ಇಲ್ಲ. ಕುರ್ಚಿ ಎಳೆದು ಹತ್ತಿರ ಕೂತವರು ಇದ್ದಾರೆ.

ಆಧಾರ್ ಬಗ್ಗೆಯೂ ಹೇಳಲೇಬೇಕು. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ಜೆರಾಕ್ಸ್ ಕಂಡವರಿಗೆಲ್ಲ ಕೊಡಬೇಡಿ ಎಂದು ಪ್ರಕಟಣೆ ಹೊರಡಿಸಿತ್ತು. ತಪ್ಪು ಅರ್ಥ ಬರಬಹುದು ಎಂದು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಆದರೆ ಅದರಲ್ಲಿ ಹೇಳಿದ್ದ ಒಂದು ದಾರಿ ಈಗಲೂ ಇದೆ. ಮೊದಲ ಎಂಟು ಅಂಕಿ ಮುಚ್ಚಿ ಕೊನೆಯ ನಾಲ್ಕು ಮಾತ್ರ ಕಾಣುವ ಮಾಸ್ಕ್ಡ್ ಆಧಾರ್. ನಾವು ಈಗ ಕಾರ್ಡನ್ನು ನೋಡಿ ವಾಪಸ್ ಕೊಡುತ್ತೇವೆ. ಅರ್ಜಿಗೆ ಜೆರಾಕ್ಸ್ ಬೇಕೇ ಬೇಕು ಎಂದಾಗ ಅದು ಅರ್ಜಿಯ ಜೊತೆ ಅವರ ಕೈಯಲ್ಲೇ ಕಚೇರಿಗೆ ಹೋಗುತ್ತದೆ. ನಮ್ಮಲ್ಲಿ ಪ್ರತಿ ಉಳಿಯುವುದಿಲ್ಲ. ಮೊದಲು ಅಷ್ಟೊಂದು ಜೆರಾಕ್ಸ್ ಯಾಕೆ ಕೂಡಿಟ್ಟೆವು ಎಂದು ಕೇಳಿದರೆ ಅಭ್ಯಾಸ ಎನ್ನುವುದು ಬಿಟ್ಟು ನನ್ನ ಹತ್ತಿರ ಉತ್ತರ ಇಲ್ಲ.

ಹಾಗಾದರೆ ಯಾವುದು ಗೆದ್ದಿತು? ನಮ್ಮಲ್ಲಿ ಮೂರೂ ಉಳಿದಿವೆ, ಕೆಲಸ ಬೇರೆ ಬೇರೆ. ಮನೆಯೊಳಗಿನ ಹಿಂಸೆ, ಸಾಲ, ಕಾಯಿಲೆ, ಇವೆಲ್ಲ ಕಾಗದದಲ್ಲೇ. ಆದರೆ ರಿಜಿಸ್ಟರ್ ಹೋಯಿತು. ಒಬ್ಬರಿಗೆ ಒಂದು ಕಾರ್ಡು, ಅದರ ಮೇಲೆ ನಂಬರ್ ಮಾತ್ರ. ಯಾವ ನಂಬರ್ ಯಾರದ್ದು ಎಂಬ ಚಿಕ್ಕ ಪುಸ್ತಕ ಬೇರೆ ಕೋಣೆಯ ಬೇರೆ ಬೀಗದಲ್ಲಿ. ಹೆಸರು ಒಂದು ಕಡೆ, ಕಷ್ಟ ಇನ್ನೊಂದು ಕಡೆ. ಒಂದು ಸಿಕ್ಕವರಿಗೆ ಇನ್ನೊಂದು ಸಿಗಬಾರದು. ಗೂಗಲ್ ಶೀಟ್‌ನಲ್ಲಿ ಯೋಜನೆಗಳ ಅರ್ಜಿ ಎಲ್ಲಿಗೆ ಬಂತು ಎಂಬುದಷ್ಟೇ ಇದೆ, ಅದೂ ಕಾರ್ಡಿನ ನಂಬರಿನಲ್ಲಿ. ಖಾತೆ ಕೇಂದ್ರದ್ದು, ಎರಡು ಹಂತದ ಲಾಗಿನ್, ಮೂರೇ ಜನರಿಗೆ ಪ್ರವೇಶ. ಕೋಬೋ ಹಳ್ಳಿ ಶಿಬಿರಕ್ಕೆ ಮಾತ್ರ. ವಾಟ್ಸಾಪ್ ಗುಂಪಿನಲ್ಲಿ ಈಗ ಯಾರು ಯಾವ ದಿನ ಬರುತ್ತಾರೆ ಎಂಬ ಮಾತು ಬಿಟ್ಟು ಬೇರೇನೂ ಹಾಕುವಂತಿಲ್ಲ.

ನಿಮ್ಮದು ಒಂದೇ ಕೋಣೆ, ಇಬ್ಬರೇ ಜನ ಎಂದಾದರೆ ಕಾರ್ಡು ಮತ್ತು ಎರಡು ಬೀಗ ಸಾಕು, ತಂತ್ರಾಂಶಕ್ಕೆ ಕೈ ಹಾಕಬೇಡಿ. ದಿನಕ್ಕೆ ಮೂವತ್ತು ನಲವತ್ತು ಜನ ಬರುವ ಕಡೆ ಶೀಟ್ ಇಲ್ಲದೆ ಆಗದು, ಆದರೆ ಅದರಲ್ಲಿ ಹೆಸರು ಹಾಕಬೇಡಿ. ಬೀಗ ತೆರೆಯಲು ಬಲ್ಲ ಇಬ್ಬರಾದರೂ ಇಲ್ಲದ ಕಡೆ ಕೋಬೋ ಬೇಡ.

ಹಳೆಯ ರಿಜಿಸ್ಟರ್‌ಗಳ ಕೆಲಸ ಇನ್ನೂ ಮುಗಿದಿಲ್ಲ. ರದ್ದಿ ಅಂಗಡಿಗೆ ಹಾಕುವ ಹಾಗಿಲ್ಲ. ಅಲ್ಲಿಂದ ಅವು ಕಡಲೆಕಾಯಿ ಪೊಟ್ಟಣವಾಗಿ ಇದೇ ಬಸ್ ಸ್ಟ್ಯಾಂಡಿಗೆ ಬರುತ್ತವೆ. ಪ್ರತಿ ಶನಿವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಪುಟ ಪುಟ ಹರಿಯುತ್ತೇವೆ. ಬಕೆಟ್ ನೀರಿನಲ್ಲಿ ಸೋಮವಾರದವರೆಗೆ ನೆನೆಸಿ, ಕೈಯಲ್ಲಿ ಕಿವುಚಿ ಮುದ್ದೆ ಮಾಡಿ ಹಿತ್ತಲಿನ ಗುಂಡಿಗೆ ಹಾಕುತ್ತೇವೆ. ಒಂಬತ್ತರಲ್ಲಿ ಐದು ಮುಗಿದಿವೆ. ಓರಗಿತ್ತಿಯ ಹೆಸರಿದ್ದ ಪುಟವನ್ನು ಮೊದಲ ಶನಿವಾರವೇ ನಾನು ಹರಿದೆ.