ಸ್ಟೀಲ್ ಬಸ್ ಶೆಲ್ಟರ್: ಕಾಸರಗೋಡಿನ ಮಳೆಗೆ ಐದರಲ್ಲಿ ಎರಡೂವರೆ ಅಂಕ

ಮುರಕಲ್ಲಿನ ಗೋಡೆ, ಹಂಚಿನ ಮಾಡು ಇದ್ದ ಹಳೆಯ ಬಸ್ ಶೆಡ್‌ಗಳ ಜಾಗಕ್ಕೆ ಈಗ ಬರುತ್ತಿರುವುದು ಹೆಚ್ಚುಕಡಿಮೆ ಒಂದೇ ಮಾದರಿ. ಸ್ಟೀಲ್ ಕಂಬ, ಮೇಲೆ ಬಣ್ಣದ ಶೀಟು, ತೂತುತೂತಿನ ಸ್ಟೀಲ್ ಬೆಂಚು, ಬೆನ್ನಿಗೆ ಜಾಹೀರಾತಿನ ಫಲಕ, ನೆಲಕ್ಕೆ ಇಂಟರ್‌ಲಾಕ್. ಕಡಲ ಬದಿಯ ಕುಂಬಳೆ, ಉಪ್ಪಳದಲ್ಲೂ ಒಳಗಿನ ಬದಿಯಡ್ಕ, ಮುಳ್ಳೇರಿಯದಲ್ಲೂ ಇದೇ. ಉದ್ಘಾಟನೆಯ ದಿನ ಎಲ್ಲವೂ ಮಿಂಚುತ್ತದೆ. ಇಲ್ಲಿ ಬರೆಯುತ್ತಿರುವುದು ಎರಡು ಮೂರು ಮಳೆಗಾಲ ದಾಟಿದ ಮೇಲಿನ ಸ್ಥಿತಿ.

ಮೊದಲು ಒಳ್ಳೆಯದನ್ನು ಹೇಳಿಬಿಡೋಣ. ತೂತಿನ ಬೆಂಚಿನಲ್ಲಿ ನೀರು ನಿಲ್ಲುವುದಿಲ್ಲ, ಬೇಗ ಒಣಗುತ್ತದೆ. ಗೋಡೆ ಇಲ್ಲದ್ದರಿಂದ ಬರುವ ಬಸ್ಸು ದೂರದಿಂದಲೇ ಕಾಣುತ್ತದೆ. ಕತ್ತಲೆಯ ಮೂಲೆ ಇಲ್ಲ, ಹೆಂಗಸರಿಗೆ ಇದು ಸಣ್ಣ ಸಂಗತಿಯಲ್ಲ.

ಸೋರಿಕೆ ಶುರುವಾಗುವುದು ಶೀಟಿನಿಂದಲ್ಲ, ಸ್ಕ್ರೂವಿನ ಬುಡದಿಂದ. ಸ್ಕ್ರೂವಿನ ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಗಟ್ಟಿಯಾಗಿ ಸೀಳುತ್ತದೆ. ಮೆಷಿನ್ನಿನಲ್ಲಿ ಅತಿಯಾಗಿ ಬಿಗಿದಿದ್ದರೆ ಮೊದಲ ದಿನವೇ ಹೊರಗೆ ಜಾರಿರುತ್ತದೆ. ಸ್ಕ್ರೂ ಶೀಟಿನ ಉಬ್ಬಿನ ಮೇಲಿದ್ದರೆ ಒಂದಷ್ಟು ವರ್ಷ ತಾಳುತ್ತದೆ, ನೀರು ಹರಿಯುವ ತಗ್ಗಿನಲ್ಲಿ ಹೊಡೆದಿದ್ದರೆ ತಾಳುವುದಿಲ್ಲ. ಕೆಳಗೆ ನಿಂತು ಕಣ್ಣೆತ್ತಿದರೆ ಎಲ್ಲಿ ಹೊಡೆದಿದ್ದಾರೆಂದು ತಿಳಿಯುತ್ತದೆ.

ಗಾಳಿಮಳೆಯ ಲೆಕ್ಕವನ್ನು ಯಾರೂ ಹಾಕಿದಂತೆ ಕಾಣುವುದಿಲ್ಲ. ಮಾಡಿನ ಅಂಚು 2.7 ಮೀಟರ್ ಎತ್ತರದಲ್ಲಿದ್ದು ಒಳಗಿನ ಅಗಲ 1.8 ಮೀಟರ್ ಇದೆ ಎಂದುಕೊಳ್ಳಿ. ನೇರ ಬೀಳುವ ಮಳೆಗಿಂತ 30 ಡಿಗ್ರಿ ಓರೆಯಾಗಿ ಬೀಳುವ ಮಳೆ ಒಂದೂವರೆ ಮೀಟರ್‌ಗೂ ಹೆಚ್ಚು ಒಳನುಗ್ಗುತ್ತದೆ, ಒಣಗಿ ಉಳಿಯುವುದು ಹಿಂಬದಿಯ ಒಂದು ಗೇಣಗಲ. ನಮ್ಮ ಹೆದ್ದಾರಿ ಹೆಚ್ಚುಕಡಿಮೆ ತೆಂಕು ಬಡಗಾಗಿ ಹೋಗುತ್ತದೆ. ಮಂಗಳೂರು ಕಡೆಯ ಬಸ್ಸಿಗೆ ಕಾಯುವ ಶೆಲ್ಟರ್ ಪೂರ್ವಕ್ಕೆ ಬಾಯಿ ತೆರೆದಿರುತ್ತದೆ, ಕಾಸರಗೋಡು ಕಡೆಯದ್ದು ಪಶ್ಚಿಮಕ್ಕೆ, ಅಂದರೆ ಮಳೆ ಬರುವ ದಿಕ್ಕಿಗೇ. ಎರಡೂ ಬದಿಗೆ ಒಂದೇ ನಕ್ಷೆ ಹಾಕುವುದು ತಪ್ಪು. ಪಶ್ಚಿಮಕ್ಕೆ ಮುಖ ಮಾಡಿದ್ದಕ್ಕೆ ಮಾಡಿನ ಚಾಚು ಹೆಚ್ಚು ಬೇಕು, ಎರಡು ಪಕ್ಕಕ್ಕೂ ಮರೆ ಬೇಕು. ಅಂಚಿಗೆ ನೀರು ಹಿಡಿದು ಸಾಗಿಸುವ ದಂಬೆ ಇಲ್ಲದಿದ್ದರೆ ಮಾಡಿನ ನೀರೆಲ್ಲ ಬಸ್ಸು ಹತ್ತುವವರ ತಲೆಗೇ ಬೀಳುತ್ತದೆ.

ಇನ್ನು ಕಂಬ. ಎಲ್ಲಕ್ಕಿಂತ ಮೊದಲು ಕೆಡುವುದು ಬುಡ. ಕಂಬವನ್ನು ಇಂಟರ್‌ಲಾಕ್ ಮಟ್ಟದಲ್ಲೇ ಹುಗಿದರೆ ಅಲ್ಲಿ ನೀರು, ಮಣ್ಣು ನಿಂತು ತುಕ್ಕು ತಿನ್ನುತ್ತದೆ. ನೆಲದಿಂದ 10–15 ಸೆಂ.ಮೀ. ಎತ್ತರದ ಕಾಂಕ್ರೀಟ್ ಪೀಠದ ಮೇಲೆ ಪ್ಲೇಟ್ ಕೂರಿಸಿ ಬೋಲ್ಟ್ ಹಾಕಬೇಕು, ಬೋಲ್ಟೂ ಸ್ಟೇನ್‌ಲೆಸ್ ಆಗಿರಬೇಕು. ಸ್ಟೇನ್‌ಲೆಸ್ ಕಂಬಕ್ಕೆ ಸಾದಾ ಕಬ್ಬಿಣದ ಬೋಲ್ಟ್ ಹಾಕಿದರೆ ಒದ್ದೆಯಲ್ಲಿ ಬೋಲ್ಟ್ ಬೇಗ ಸವೆಯುತ್ತದೆ. ವೆಲ್ಡಿಂಗ್ ಮಾಡಿದ ಕಡೆಯ ಕಪ್ಪನ್ನು ಆಸಿಡ್ ಪೇಸ್ಟಿನಿಂದ ತೆಗೆಯದಿದ್ದರೆ ಆ ಗಂಟುಗಳಲ್ಲೇ ಕಂದು ಕಲೆ ಮೊದಲು ಮೂಡುತ್ತದೆ.

304, 202 ಎಂಬ ನಂಬರಿನಲ್ಲಿ ಹೇಳುವ ಸ್ಟೇನ್‌ಲೆಸ್ ಸ್ಟೀಲಿನ ಗ್ರೇಡ್ ವಿಷಯಕ್ಕೆ ಬಂದರೆ ಟೆಂಡರ್‌ನ ಕಥೆ ತೆರೆದುಕೊಳ್ಳುತ್ತದೆ. 304ರಲ್ಲಿ ಸುಮಾರು 18 ಶೇಕಡ ಕ್ರೋಮಿಯಂ, 8 ಶೇಕಡ ನಿಕ್ಕಲ್. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ, ಅಗ್ಗ. ಉಪ್ಪುಗಾಳಿಗೆ 202 ನಿಲ್ಲುವುದಿಲ್ಲ. ಕಡಲಿಗೆ ತೀರ ಹತ್ತಿರವಾದರೆ 304 ಕೂಡ ಕಲೆಗಟ್ಟುತ್ತದೆ, ಮಾಲಿಬ್ಡಿನಂ ಇರುವ 316 ಬೇಕು. ಅಯಸ್ಕಾಂತ ಹಿಡಿದು ನೋಡಿ ಪ್ರಯೋಜನವಿಲ್ಲ, 202 ಮತ್ತು 304 ಎರಡಕ್ಕೂ ಅದು ಸರಿಯಾಗಿ ಅಂಟುವುದಿಲ್ಲ. ಸಣ್ಣ ಬ್ಯಾಟರಿಯೊಂದಿಗೆ ಬರುವ ಪರೀಕ್ಷಾ ದ್ರಾವಣದ ಹನಿ 202ರ ಮೇಲೆ ಕೆಂಪಾಗುತ್ತದೆ.

ಎಸ್ಟಿಮೇಟಿನಲ್ಲಿ ‘ಎಸ್‌ಎಸ್ ಪೈಪ್’ (ಸ್ಟೇನ್‌ಲೆಸ್ ಸ್ಟೀಲ್ ಪೈಪ್) ಎಂದಷ್ಟೇ ಬರೆದು ಗ್ರೇಡ್, ದಪ್ಪ ಬಿಟ್ಟರೆ ಏನಾಗುತ್ತದೆ? 304ರ ದರ ಹಿಡಿದವನು ಸೋಲುತ್ತಾನೆ, 202ರ ದರ ಹಿಡಿದವನು ಗೆಲ್ಲುತ್ತಾನೆ. ನಿಯಮ ಯಾರೂ ಮುರಿದಿಲ್ಲ, ಆದರೂ ಅದು ಸ್ಪರ್ಧೆಯಲ್ಲ. ಇದರ ಉಲ್ಟಾ ರೋಗವೂ ಇದೆ. ಒಂದೇ ಕಂಪನಿಯ ವಿನ್ಯಾಸಕ್ಕೆ ಹೊಂದುವಂತೆ ವಿವರ ಬರೆಯುವುದು, ‘ಇದೇ ಮಾದರಿಯ ಶೆಲ್ಟರ್ ಕಟ್ಟಿದ ಅನುಭವ’ ಕೇಳುವುದು, ಅರ್ಜಿಗೆ ತೀರ ಕಡಿಮೆ ದಿನ ಕೊಡುವುದು. ಆಗ ಊರಿನ ಒಳ್ಳೆಯ ವೆಲ್ಡಿಂಗ್ ಶಾಪಿನವರು ಬಾಗಿಲಲ್ಲೇ ಉಳಿಯುತ್ತಾರೆ.

ಬಿಡ್‌ದಾರರೇ ಒಳಗೊಳಗೆ ಮೊದಲೇ ಮಾತಾಡಿಕೊಂಡು ಹೊಂದಿಕೊಳ್ಳುವುದು ಬೇರೆಯದೇ ಮಟ್ಟದ್ದು, ಅದು 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್‌ಗೆ ಬರುತ್ತದೆ. ಪುಣೆ ಮಹಾನಗರಪಾಲಿಕೆಯ ಕಸ ವಿಲೇವಾರಿ ಟೆಂಡರ್‌ಗಳಲ್ಲಿ ಹೀಗೆ ನಡೆದದ್ದಕ್ಕೆ ಸ್ಪರ್ಧಾ ಆಯೋಗ 2018ರಲ್ಲಿ ದಂಡ ಹಾಕಿತು. ಆಯೋಗಕ್ಕೆ ಮಾಹಿತಿ ಕೊಟ್ಟದ್ದು ಒಂದು ನಾಗರಿಕ ಸಂಘಟನೆ. ಅನುಮಾನಕ್ಕೆ ಆಸ್ಪದ ಕೊಡುವ ಲಕ್ಷಣಗಳು: ಎಲ್ಲ ದರಗಳೂ ಎಸ್ಟಿಮೇಟಿಗಿಂತ ಒಂದಿಷ್ಟೇ ಮೇಲೆ ಅಂಟಿಕೊಂಡಿರುವುದು, ಬೇರೆ ಬೇರೆಯವರ ಕಡತದಲ್ಲಿ ಒಂದೇ ಕಾಗುಣಿತ ದೋಷ, ಸೋತವನೇ ಉಪಗುತ್ತಿಗೆಯಲ್ಲಿ ಕೆಲಸ ಮಾಡುವುದು. ಬರೀ ಲಕ್ಷಣದಿಂದ ಯಾರನ್ನೂ ಕಳ್ಳರೆನ್ನಲಾಗದು. ಕೇರಳದ ಇ-ಟೆಂಡರ್ ತಾಣದಲ್ಲಿ ಎಷ್ಟು ಮಂದಿ ಬಿಡ್ ಹಾಕಿದರು, ಯಾರಿಗೆ ಆಯಿತು ಎಂಬುದನ್ನು ಲಾಗಿನ್ ಇಲ್ಲದೆಯೂ ನೋಡಬಹುದು.

ಎಸ್ಟಿಮೇಟ್ ಮತ್ತು ಅಳತೆ ಪುಸ್ತಕದ (ಮಾಡಿದ ಕೆಲಸದ ಅಳತೆ ಬರೆದಿಡುವ ಪುಸ್ತಕ) ಪ್ರತಿಗೆ ಮಾಹಿತಿ ಹಕ್ಕಿನ ಅರ್ಜಿ ಸಾಕು: 10 ರೂಪಾಯಿ ಶುಲ್ಕ, 30 ದಿನದ ಗಡುವು. ಕಾಮಗಾರಿ ಪರಿಶೀಲಿಸುವ, ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕನ್ನೂ ಆ ಕಾಯ್ದೆ ಕೊಡುತ್ತದೆ, ಹೆಚ್ಚಿನವರು ಕೇಳುವುದೇ ಇಲ್ಲ. ಕನ್ನಡದಲ್ಲೇ ಬರೆಯಿರಿ. ಇಲ್ಲಿನ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸಿ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೇರಳದ 1969ರ ಭಾಷಾ ಕಾಯ್ದೆಯಿಂದಲೇ ಬಂದಿದೆ.

ನೆಲದ ಬಗ್ಗೆ ಒಂದು ಮಾತು. ಜನ ನಿಲ್ಲುವಲ್ಲಿಗೆ 60 ಮಿ.ಮೀ. ಇಂಟರ್‌ಲಾಕ್ ಧಾರಾಳ. ಬಸ್ಸು ನಿಲ್ಲುವ ಜಾಗಕ್ಕೂ ಅದನ್ನೇ ಹಾಸಿದರೆ ಬ್ರೇಕಿನ ಒತ್ತಡಕ್ಕೆ ಕಲ್ಲುಗಳು ಸರಿಯುತ್ತವೆ, ಅಡಿಯ ಮರಳು ಚರಂಡಿ ಸೇರುತ್ತದೆ. ಭಾರಿ ವಾಹನಕ್ಕೆ ಭಾರತೀಯ ಮಾನಕ ಐಎಸ್ 15658 ಹೇಳುವುದು 100 ಮಿ.ಮೀ. ದಪ್ಪ, ಎಂ-50 ದರ್ಜೆಯ ಕಾಂಕ್ರೀಟ್. ಡೀಸೆಲ್ ತೊಟ್ಟಿಕ್ಕುವ ಜಾಗಕ್ಕೆ ಡಾಂಬರು ಆಗದು, ಮೆತ್ತಗಾಗುತ್ತದೆ.

ದೋಷ ಹೊಣೆ ಅವಧಿ (ದೋಷ ಕಂಡರೆ ಗುತ್ತಿಗೆದಾರನೇ ಸರಿಪಡಿಸಬೇಕಾದ ಅವಧಿ) ಮುಗಿಯುವ ಮುಂಚಿನ ಕೊನೆಯ ಮಳೆಗಾಲದಲ್ಲೇ ಫೋಟೋ ಸಹಿತ ದೂರು ಕೊಡಬೇಕು. ಅವನ ಠೇವಣಿ ಹಿಂದಿರುಗಿಸಿದ ಮೇಲೆ ಗುತ್ತಿಗೆದಾರನನ್ನು ಕರೆಯಲು ಪಂಚಾಯತಿಗೆ ಹಿಡಿತ ಇರುವುದಿಲ್ಲ, ವಾಷರ್ ಬದಲಿಸುವಂಥ ಚಿಲ್ಲರೆ ಕೆಲಸಕ್ಕೂ ಹೊಸ ಎಸ್ಟಿಮೇಟ್ ಆಗಬೇಕು. ತಲಪಾಡಿ–ಚೆಂಗಳ ಆರು ಪಥದ ಹೆದ್ದಾರಿಯ ಕಥೆ ಬೇರೆ. ಅದು ಹೈಬ್ರಿಡ್ ಆನ್ಯುಟಿ ಗುತ್ತಿಗೆ: ಗುತ್ತಿಗೆದಾರರಿಗೆ 40 ಶೇಕಡ ಹಣ ರಸ್ತೆ ಕಟ್ಟುವಾಗಲೇ, ಉಳಿದದ್ದು ಮುಂದಿನ 15 ವರ್ಷಗಳಲ್ಲಿ ಕಂತಾಗಿ, ನಿರ್ವಹಣೆಯೂ ಅವರದ್ದೇ. ಆ ಗುತ್ತಿಗೆಯಲ್ಲಿ ಕಟ್ಟಿದ ಶೆಲ್ಟರ್ ಸೋರಿದರೆ ಪಂಚಾಯತಿಗೆ ಅಲೆಯಬೇಡಿ, ಹೆದ್ದಾರಿ ಪ್ರಾಧಿಕಾರದ 1033ಕ್ಕೆ ಕರೆ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ.