ಒಂದೇ ಅಡ್ಡಹೆಸರು, ಹಲವು ಕವಲು: ಮೂರು ದಾರಿ ಹಿಡಿದು ನೋಡಿದೆ

ನಮ್ಮ ಅಡ್ಡಹೆಸರಿನವರು ಸಿಕ್ಕಾಪಟ್ಟೆ ಜನ ಇದ್ದಾರೆ. ಇವರಲ್ಲಿ ನಿಜಕ್ಕೂ ದಾಯಾದಿಗಳು ಯಾರು, ಸುಮ್ನೆ ಹೆಸರು ಹೊಂದಿದವರು ಯಾರು? ಬಿಡಿಸಲು ಮೂರು ದಾರಿ ಹಿಡಿದೆ.

ಮೊದಲನೆಯದು ಸೋಮಾರಿಗಳ ದಾರಿ. ಇಂಟರ್ನೆಟ್ಟಿನಲ್ಲಿ ಬೇರೆಯವರು ಕಟ್ಟಿಟ್ಟ ವಂಶವೃಕ್ಷಕ್ಕೆ ನಮ್ಮದನ್ನು ಜೋಡಿಸುವುದು. ಒಂದೇ ಸಂಜೆಗೆ ಏಳು ತಲೆಮಾರು ಸಿಕ್ಕಿತು, ಖುಷಿಯೋ ಖುಷಿ. ಆಮೇಲೆ ನೋಡಿದರೆ ಅದರಲ್ಲಿ ಒಬ್ಬ ತಾಯಿ ಹುಟ್ಟಿದ್ದು ಮಗ ಹುಟ್ಟಿ ಎರಡು ವರ್ಷವಾದ ಮೇಲೆ! ಅದೇ ತಪ್ಪು ಇನ್ನೂ ನಾಲ್ಕು ವೃಕ್ಷಗಳಲ್ಲಿತ್ತು. ಒಬ್ಬರದನ್ನು ನೋಡಿ ಇನ್ನೊಬ್ಬರು ಇಳಿಸಿಕೊಂಡಿದ್ದಾರೆ, ಅಷ್ಟೆ. ಈಗ ಅದನ್ನು ಸುಳಿವಿಗೆ ಮಾತ್ರ ನೋಡುತ್ತೇನೆ.

ಎರಡನೆಯದು ಡಿಎನ್‌ಎ. ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಹೋಗುತ್ತದೆ, ಬಹಳ ಕಡೆ ಅಡ್ಡಹೆಸರೂ ಹಾಗೇ ಅಲ್ವಾ? ನನ್ನಲ್ಲಿ ವೈ ಇಲ್ಲ, ತಮ್ಮನನ್ನು ಕಾಡಿ ಎಂಜಲು ಕೊಡಿಸಿದೆ. ನಾವು ದಾಯಾದಿ ಅಂದುಕೊಂಡಿದ್ದ ಒಂದು ಮನೆಯವರ ಜೊತೆ, ವೈ ಮೇಲೆ ಹೋಲಿಸಿ ನೋಡುವ 37 ಗುರುತುಗಳಲ್ಲಿ 15 ಹೊಂದಲೇ ಇಲ್ಲ. ಅಲ್ಲಿಗೆ ಆ ಕವಲಿನ ಕಥೆ ಮುಗಿಯಿತು. ಇದು ನಮಗೊಬ್ಬರಿಗೇ ಆದದ್ದಲ್ಲ. 2000ರಲ್ಲಿ ಬ್ರಯಾನ್ ಸೈಕ್ಸ್ ಎಂಬ ವಿಜ್ಞಾನಿ ತನ್ನದೇ ಅಡ್ಡಹೆಸರಿನ 48 ಗಂಡಸರನ್ನು ಪರೀಕ್ಷಿಸಿದಾಗ, ಒಂದೇ ಬಗೆಯ ವೈ ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ ಜನರಲ್ಲಿ. ದತ್ತು ಬಂದವರು, ತಾಯಿಯ ಹೆಸರು ಇಟ್ಟುಕೊಂಡವರು ಇದ್ದೇ ಇರುತ್ತಾರೆ. ‘ಸಂಬಂಧ ಇಲ್ಲ’ ಅನ್ನುವುದರಲ್ಲಿ ಈ ಟೆಸ್ಟ್ ಗಟ್ಟಿ. ಇದ್ದರೆ ಯಾವ ಅಜ್ಜನಿಂದ ಅಂತ ಹೇಳುವುದಿಲ್ಲ.

ಮೂರನೆಯದು ಹಳೇ ಕಾಗದ. ನಿಧಾನ, ಕಣ್ಣುನೋವು, ಆದರೆ ನನ್ನ ಓಟು ಇದಕ್ಕೇ. ಗುಟ್ಟು ಏನೆಂದರೆ, ಹೆಸರಿನ ಹಿಂದೆ ಹೋಗಬಾರದು, ಹೆಸರಿನ ಸುತ್ತ ಇರುವವರ ಹಿಂದೆ ಹೋಗಬೇಕು. ನಮ್ಮ ಮುತ್ತಜ್ಜನ ಅಪ್ಪನಿಗೆ ಎರಡು ಮದುವೆ ಅಂತ ಬರೆದುಕೊಂಡಿದ್ದೆ. ಹೆಸರು ಒಂದೇ, ಊರು ಒಂದೇ, ವಯಸ್ಸಿನಲ್ಲೂ ಹೆಚ್ಚು ವ್ಯತ್ಯಾಸ ಇಲ್ಲ. ಒಂದು ಹಾಳೆಯಲ್ಲಿ ವರ್ಷ, ಕಸುಬು, ಸಾಕ್ಷಿ, ಸಹಿ ಅಂತ ಗೆರೆ ಎಳೆದು ಎರಡೂ ದಾಖಲೆ ಪಕ್ಕಪಕ್ಕ ಇಟ್ಟೆ. ಮೊದಲ ಮದುವೆಯಲ್ಲಿ ಗಂಡಿನದು ಓರೆಯಾದ ನೀಟು ಸಹಿ. ಆರು ವರ್ಷದ ನಂತರದ ಮದುವೆಯಲ್ಲಿ ಹೆಬ್ಬೆಟ್ಟು! ಬರೆಯಲು ಬರುತ್ತಿದ್ದವನು ಮರೆತುಬಿಟ್ಟನೇ? ಎರಡನೆಯದರ ಸಾಕ್ಷಿಯ ಹೆಸರು ಹಿಡಿದು ಜಮೀನು ಪತ್ರಗಳನ್ನು ತಿರುವಿದೆ. ಆ ಸಾಕ್ಷಿ ಹೆಬ್ಬೆಟ್ಟಿನವನ ಜಮೀನಿನ ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿಗೆ ಯಾರ ಜಮೀನು ಅಂತ ಬರೆಯುವ ಭಾಗದಲ್ಲಿ, ಪೂರ್ವಕ್ಕಿದ್ದ. ನಮ್ಮವರ ಪತ್ರದಲ್ಲಿ ನಾಲ್ಕು ದಿಕ್ಕಿಗೂ ಬೇರೆಯವರೇ. ಒಬ್ಬನೇ ಅಂದುಕೊಂಡವನು ಇಬ್ಬರಾಗಿಬಿಟ್ಟ.

ಸ್ಪೆಲಿಂಗ್ ಬಗ್ಗೆ ಒಂದು ಮಾತು. ಬರೆಯುವವನ ಕಿವಿಗೆ ಕೇಳಿದಂತೆ ಹೆಸರು ಬದಲಾಗುತ್ತದೆ. ಒಂದೇ ರೂಪ ಹುಡುಕಿದರೆ ಅರ್ಧ ಮನೆತನ ಕೈತಪ್ಪುತ್ತದೆ.

ಆ ಇಬ್ಬರೂ ದಾಯಾದಿಗಳೋ ಅಲ್ಲವೋ ಅಂತ ಕಾಗದ ಹೇಳುತ್ತಿಲ್ಲ. ಹೆಬ್ಬೆಟ್ಟಿನವನ ಗಂಡುಕವಲಿನಲ್ಲಿ ಈಗ ಒಬ್ಬರು ಸಿಕ್ಕಿದ್ದಾರೆ. ಎಂಜಲು ಕೊಡಿ ಅಂತ ಕೇಳಿದ್ದೇನೆ. ‘ಯೋಚನೆ ಮಾಡ್ತೀನಿ’ ಅಂದಿದ್ದಾರೆ.