ಪಿಟೀಲು ಜಾಸ್ತಿ, ಸಿಸ್ಟರ್ ಕಮ್ಮಿ

ನಾತ್ಸಿಗಳು ಕೊಂದ ಆಸ್ಟ್ರಿಯಾದ ಕ್ರೈಸ್ತ ಸನ್ಯಾಸಿನಿ ಸಿಸ್ಟರ್ ಮರಿಯಾ ರೆಸ್ಟಿಟ್ಯೂಟಾ ಅವರ ಬದುಕಿನ ಮೇಲಿನ ಒಂದು ಆಡಿಯೋ ಪುಸ್ತಕ ಕೇಳಿ ಮುಗಿಸಿದೆ. ಅದರ ಹೆಸರು ಹಾಕುವುದಿಲ್ಲ, ಯಾಕಂದ್ರೆ ಬೈಯುವುದು ಸ್ವಲ್ಪ ಇದೆ. 5ಕ್ಕೆ 3 ಸ್ಟಾರ್ ಕೊಡ್ತೀನಿ. ಮೂರೂ ಸಿಸ್ಟರ್‌ಗೇ, ಇದನ್ನು ಮಾಡಿದವರಿಗಲ್ಲ.

ಮೊದಲ ತಕರಾರು ದನಿಯದ್ದು. ಓದುವವರು ಶುರುವಿನಿಂದಲೇ ಸಾವಿನ ಮನೆಯಲ್ಲಿ ಮಾತಾಡುವ ಹಾಗೆ ಪಿಸುಗುಡುತ್ತಾರೆ, ಹಿಂದೆ ಪಿಟೀಲು ಬೇರೆ. ಮಗು ಇನ್ನೂ ಹುಟ್ಟಿಲ್ಲ, ಆಗಲೇ ಅಳು! ಸಿಸ್ಟರ್ ಅವರ ಮೊದಲ ಹೆಸರು ಹೆಲೆನೆ ಕಾಫ್ಕಾ. 1894ರಲ್ಲಿ ಈಗಿನ ಚೆಕ್ ದೇಶದ ಮೊರಾವಿಯಾದಲ್ಲಿ, ಬ್ರನೋ ಪಕ್ಕದ ಹಳ್ಳಿಯಲ್ಲಿ, ಶೂ ಹೊಲಿಯುವವರ ಮನೆಯಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ಬೆಳೆದು, ತಂಬಾಕಿನ ಅಂಗಡಿಯಲ್ಲಿ ಕೆಲಸ ಮಾಡಿ, ಆಮೇಲೆ ನರ್ಸ್ ಆಗಿ, ಫ್ರಾನ್ಸಿಸ್ಕನ್ ಮಠ ಸೇರಿದವರು. ಇಷ್ಟಕ್ಕೆ ಎರಡು ಅಧ್ಯಾಯ ಎಳೆದಿದ್ದಾರೆ.

ನನಗೆ ಸಿಟ್ಟು ಬಂದಿದ್ದು ಇನ್ನೊಂದಕ್ಕೆ. ಈಕೆ ಮೆತ್ತನೆಯ ಹೆಂಗಸೇ ಅಲ್ಲ. ವಿಯೆನ್ನಾ ಪಕ್ಕದ ಮೊಡ್ಲಿಂಗ್ ಆಸ್ಪತ್ರೆಯ ಆಪರೇಷನ್ ಥಿಯೇಟರಿನ ಮುಖ್ಯ ನರ್ಸ್, ಅರಿವಳಿಕೆ ಕೊಡುವುದರಲ್ಲೂ ಪಳಗಿದ ಕೈ. ಹಿಡಿದ ಪಟ್ಟು ಬಿಡುವುದಿಲ್ಲ ಅಂತ ಜನ ರೆಸ್ಟಿಟ್ಯೂಟಾ ಅನ್ನುವ ಹೆಸರನ್ನೇ ತಿರುಚಿ 'ರೆಸೊಲ್ಯೂಟಾ' ಅಂತ ಕರೆಯುತ್ತಿದ್ದರು. ಕೆಲಸ ಮುಗಿಸಿ ಹತ್ತಿರದ ಹೋಟೆಲಿಗೆ ಹೋಗಿ ಒಂದು ತಟ್ಟೆ ಗೂಲಾಶ್ (ಮಾಂಸದ ಸಾರು), ಒಂದು ದೊಡ್ಡ ಗ್ಲಾಸು ಬಿಯರ್ ತರಿಸಿಕೊಳ್ಳುತ್ತಿದ್ದ ಸಿಸ್ಟರ್ ಅವರು. ಇಡೀ ಪುಸ್ತಕದಲ್ಲಿ ಆ ಬಿಯರಿಗೆ ಸಿಕ್ಕಿದ್ದು ಒಂದೇ ಸಾಲು, ಅದೂ ನಾಚಿಕೊಂಡು ಓದಿದ ಹಾಗಿದೆ. ನಂಬಿಕೆಗಾಗಿ ಪ್ರಾಣ ಕೊಟ್ಟು ರಕ್ತಸಾಕ್ಷಿ ಆದವರು ಬಿಯರ್ ಕುಡಿಯಬಾರದಾ?

ನಾಲ್ಕನೇ ಅಧ್ಯಾಯದಿಂದ ಮಾತ್ರ ಕಿವಿ ನೆಟ್ಟಗಾಗುತ್ತದೆ. 1938ರಲ್ಲಿ ನಾತ್ಸಿಗಳು ಆಸ್ಟ್ರಿಯಾವನ್ನು ನುಂಗಿದ ಮೇಲೆ, ಆಸ್ಪತ್ರೆಯ ಹೊಸ ಕಟ್ಟಡದ ಕೋಣೆಗಳಲ್ಲೆಲ್ಲ ಈಕೆ ಶಿಲುಬೆ ನೇತುಹಾಕುತ್ತಾರೆ. ತೆಗಿ ಅಂದರೆ ತೆಗೆಯಲ್ಲ. ಜೊತೆಗೆ ಹಿಟ್ಲರನನ್ನು ಗೇಲಿ ಮಾಡುವ ಒಂದು ಸೈನಿಕರ ಪದ್ಯವನ್ನು ಟೈಪ್ ಮಾಡಿಸುತ್ತಾರೆ. ಅದೇ ಆಸ್ಪತ್ರೆಯ ನಾತ್ಸಿ ಪರ ಡಾಕ್ಟರೊಬ್ಬ ಚಾಡಿ ಹೇಳುತ್ತಾನೆ. 1942ರ ಫೆಬ್ರವರಿ 18, ಕ್ರೈಸ್ತರ ಉಪವಾಸದ ಕಾಲ ಶುರುವಾಗುವ ಬೂದಿ ಬುಧವಾರ. ಆಪರೇಷನ್ ಥಿಯೇಟರಿನಿಂದ ಹೊರಗೆ ಬರುತ್ತಿದ್ದವರನ್ನು ಹಾಗೇ ಹಿಡಿದುಕೊಂಡು ಹೋಗುತ್ತಾರೆ. ಇಲ್ಲಿ ಪಿಟೀಲು ನಿಲ್ಲಿಸಿದ್ದಾರೆ, ಸದ್ಯ.

ಅಕ್ಟೋಬರ್ 29ಕ್ಕೆ ಮರಣದಂಡನೆ ತೀರ್ಪು. ಮಠ ಬಿಟ್ಟರೆ ಬಿಡುತ್ತೇವೆ ಅಂದರೂ ಒಪ್ಪಲಿಲ್ಲ. ಕ್ಷಮೆಯ ಅರ್ಜಿಯನ್ನು ಹಿಟ್ಲರನ ಬಲಗೈ ಮಾರ್ಟಿನ್ ಬೋರ್ಮನ್ ತಳ್ಳಿಹಾಕಿದ. ಕಾರಣ ಏನು ಗೊತ್ತಾ? ಉಳಿದವರಿಗೆ ಹೆದರಿಕೆ ಹುಟ್ಟಬೇಕಂತೆ. ತೀರ್ಪಿನಿಂದ ಸಾವಿನವರೆಗೆ ಐದು ತಿಂಗಳು ಜೈಲು. ಆಗ ಜೊತೆಯ ಕೈದಿಗಳನ್ನು ಇವರೇ ನೋಡಿಕೊಂಡರು. ದೇವರನ್ನು ನಂಬದ ಕಮ್ಯುನಿಸ್ಟರು ಕೂಡ ಆಮೇಲೆ ಇದಕ್ಕೆ ಸಾಕ್ಷಿ ಹೇಳಿದ್ದಾರೆ. ಈ ಭಾಗಕ್ಕೆ ಇನ್ನೂ ಒಂದು ಗಂಟೆ ಕೊಟ್ಟಿದ್ದರೂ ಸುಮ್ನೆ ಕೇಳುತ್ತಿದ್ದೆ. ಇವರು ಹತ್ತು ನಿಮಿಷದಲ್ಲಿ ಮುಗಿಸಿ 1943ರ ಮಾರ್ಚ್ 30ರ ಗಿಲೊಟಿನ್‌ಗೆ (ತಲೆ ಕಡಿಯುವ ಯಂತ್ರ) ಓಡಿದ್ದಾರೆ. ಆಗ ಅವರಿಗೆ 48 ವರ್ಷ. ದೇಹವನ್ನು ಮಠಕ್ಕೆ ಕೊಡಲೂ ಇಲ್ಲ.

ಕೊನೆಯಲ್ಲಿ ಪೋಪ್ ಎರಡನೇ ಜಾನ್ ಪಾಲ್ 1998ರಲ್ಲಿ ವಿಯೆನ್ನಾಕ್ಕೆ ಬಂದು, ಸಂತ ಪದವಿಯ ಹಿಂದಿನ ಮೆಟ್ಟಿಲಿಗೆ ಇವರನ್ನು ಏರಿಸಿದ ಕತೆ ಬರುತ್ತದೆ. ಅದು ನಡೆದದ್ದು ಹೆಲ್ಡನ್‌ಪ್ಲಾಟ್ಸ್ ಚೌಕದಲ್ಲಿ. 1938ರಲ್ಲಿ ಹಿಟ್ಲರ್ ಭಾಷಣ ಮಾಡಿದ್ದೂ ಅಲ್ಲೇ. ಎಂಥ ಜಾಗ ಅಲ್ವಾ! ಇದನ್ನು ಪುಸ್ತಕದವರು ಹೇಳಲೇ ಇಲ್ಲ, ನಾನೇ ಹುಡುಕಿ ತಿಳಿದುಕೊಂಡೆ.

ಕೇಳುವುದಿದ್ದರೆ ಮೊದಲ ಮೂರು ಅಧ್ಯಾಯ ಬಿಡಿ, ವೇಗ 1.25ಕ್ಕೆ ಇಡಿ. ಪಿಸುಮಾತು ಸ್ವಲ್ಪ ಮನುಷ್ಯರ ಮಾತಿನ ಹಾಗೆ ಕೇಳಿಸುತ್ತದೆ.